ಚದುರಂಗದ ಗಣಕಯಂತ್ರದಲ್ಲಿ ಸ್ಮೃತಿಯ ಪಾತ್ರ: ಒಂದು ಐತಿಹಾಸಿಕ ವಿವೇಚನೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದುವು. ೨೦೨೫ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂದಿತು. ಜಿಲ್ಲೆಯ ಹೆಸರು ಯಾವುದೇ ಆಗಲಿ, ಚದುರಂಗದ ಕಾಯಿಗಳ ಮಾತು ಬಂದಾಗ ನಮ್ಮ ನೆನಪು ಮೊದಲು ಹೋಗುವುದು ಚನ್ನಪಟ್ಟಣದ ಕಡೆಗೇ. ಹಾಲೆಮರದ ತುಂಡನ್ನು ತಿರುಗಣೆಗೆ ಕೊಟ್ಟು ಉಳಿಯಿಂದ ರೂಪಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಮೆರುಗು ಕೊಡುವ ಅಲ್ಲಿಯ ಕಸುಬಿಗೆ ರಾಜ, ಮಂತ್ರಿ, ಒಂಟೆ, ಕಾಲಾಳುಗಳೆಲ್ಲ ಸುಲಭವಾಗಿ ಒಗ್ಗುತ್ತವೆ. ಕುದುರೆ ಮಾತ್ರ ಒಗ್ಗುವುದಿಲ್ಲ. ತಿರುಗಣೆಯಿಂದ ಬರುವುದು ಸುತ್ತಲೂ ಸಮನಾದ ಆಕಾರವಾದ್ದರಿಂದ ಕುದುರೆಯ ಮುಖವನ್ನು ಕೈಯಿಂದಲೇ ಕೆತ್ತಬೇಕು. ಈ ಕುದುರೆಯ ಪ್ರಸ್ತಾಪ ಮುಂದೆ ಮತ್ತೊಂದು ಸಂದರ್ಭದಲ್ಲಿ ಬರಲಿದೆ.

ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳು ಇಂದು ಮರದ ಕಾಯಿಗಳಿಗಿಂತ ಹೆಚ್ಚಾಗಿ ದೂರವಾಣಿಯ ತೆರೆಯ ಮೇಲೆ, ಯಂತ್ರದ ಎದುರು, ಚದುರಂಗವನ್ನಾಡುತ್ತಾರೆ, ಆಡಿ ಸೋಲುತ್ತಾರೆ. ಸೋಲಿಗೆ ಅವರು ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: ಯಂತ್ರಕ್ಕೆ ಎಲ್ಲವೂ ನೆನಪಿರುತ್ತದೆ. ಈ ನಂಬಿಕೆಯಿಂದ ಹೊರಡುವ ಇನ್ನೊಂದು ನಂಬಿಕೆ, ಯಂತ್ರದ ಸ್ಮೃತಿಯನ್ನು ಇಮ್ಮಡಿಸಿದರೆ ಅದರ ಆಟದ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬುದು. ಪ್ರಯೋಗಶಾಲೆಗೆ ಯಂತ್ರಗಳನ್ನು ಕೊಳ್ಳುವಾಗ ಅಧ್ಯಾಪಕರಲ್ಲಿಯೂ ಕೆಲವರು ಹೀಗೆಯೇ ತರ್ಕಿಸುವುದುಂಟು. ಈ ಎರಡು ನಂಬಿಕೆಗಳಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಯಂತ್ರದ ವಿಷಯದಲ್ಲಿ ನಾವು ‘ಸ್ಮೃತಿ’ ಎಂಬ ಒಂದೇ ಮಾತಿನಿಂದ ಕರೆಯುವುದು ವಾಸ್ತವವಾಗಿ ಬೇರೆಬೇರೆ ಕಾಲಗಳಲ್ಲಿ ಬಂದ, ಬೇರೆಬೇರೆ ಕೆಲಸಗಳನ್ನು ಮಾಡುವ ಹಲವು ಸಂಗತಿಗಳನ್ನು ಎಂಬುದು ಮುಂದೆ ವ್ಯಕ್ತವಾಗುತ್ತದೆ.

ಯಂತ್ರಗಳ ಕಡೆಗೆ ಹೋಗುವ ಮೊದಲು ನಮ್ಮ ನಾಡಿನ ಒಂದು ಪರಂಪರೆಯನ್ನು ಗಮನಿಸುವುದು ಯುಕ್ತ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೩೦ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದನೆಯ ವಿಂಶತಿಯಲ್ಲಿ ಕ್ರೀಡೆಗಳ ವರ್ಣನೆಯಿದೆ, ಅವುಗಳಲ್ಲಿ ಚದುರಂಗವೂ ಒಂದು. ಕುದುರೆಯೊಂದನ್ನೇ ಮಣೆಯ ೬೪ ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ಕಾಲಿಡುವಂತೆ ನಡೆಯಿಸುವ ತುರಗಗತಿಯನ್ನು ಅಲ್ಲಿ ಅಕ್ಷರಗಳ ಸಂಕೇತದಿಂದ ಹೇಳಿದೆ. ಒಂದು ದಿಕ್ಕಿನ ಸಾಲುಗಳಿಗೆ ವ್ಯಂಜನಗಳನ್ನೂ ಇನ್ನೊಂದು ದಿಕ್ಕಿನ ಸಾಲುಗಳಿಗೆ ಸ್ವರಗಳನ್ನೂ ಗೊತ್ತುಮಾಡಿಕೊಂಡರೆ ಪ್ರತಿಯೊಂದು ಮನೆಗೂ ಒಂದೊಂದು ಗುಣಿತಾಕ್ಷರ ದೊರೆಯುತ್ತದೆ. ಅಕ್ಷರಗಳನ್ನು ಕ್ರಮವಾಗಿ ಉಚ್ಚರಿಸಿದರೆ ಕುದುರೆಯ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಕಾಶ್ಮೀರದ ರುದ್ರಟನು ಒಂಬತ್ತನೆಯ ಶತಮಾನದಲ್ಲಿ ತನ್ನ ‘ಕಾವ್ಯಾಲಂಕಾರ’ದಲ್ಲಿ ತುರಗಪದಬಂಧವನ್ನು ನಿರೂಪಿಸಿದ್ದನು. ಆದರೆ ಅಲ್ಲಿ ಅದು ಕಾವ್ಯಚಮತ್ಕಾರ; ಇಲ್ಲಿ ಸ್ಮರಣೋಪಾಯ.

ಏಳು ಶತಮಾನಗಳ ಅನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ವಿದ್ಯೆಯನ್ನು ಇನ್ನೂ ಮುಂದಕ್ಕೆ ಒಯ್ದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲಾದುದು. ದೊರೆಯವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಒಂದು ತುರಗಗತಿಯಲ್ಲಿ ಕುದುರೆ ನಡೆದ ಕ್ರಮದಲ್ಲಿ ಮನೆಗಳಿಗೆ ೧ರಿಂದ ೬೪ರವರೆಗೆ ಅಂಕಿಗಳನ್ನಿಟ್ಟರೆ ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ಕಂಬಸಾಲಿನ ಮೊತ್ತವೂ ೨೬೦ ಆಗುತ್ತದೆ. ಯಂತ್ರದ ಸಹಾಯವಿಲ್ಲದೆ ಇದನ್ನು ಸಾಧಿಸಿದ ಶ್ರಮ ಎಷ್ಟಿರಬಹುದೆಂಬುದನ್ನು ಒಂದು ಸಂಖ್ಯೆಯಿಂದ ಊಹಿಸಬಹುದು. ಹೊರಟ ಮನೆಗೇ ಮರಳಬಲ್ಲ ತುರಗಗತಿಗಳು ಒಟ್ಟು ೧,೩೨,೬೭,೩೬,೪೪,೧೦,೫೩೨ ಎಂದು ಬರೆಯುವ ಬದಲು ಮಾತಿನಲ್ಲಿ ಹೇಳುವುದಾದರೆ, ಹದಿಮೂರು ಲಕ್ಷ ಕೋಟಿಗೂ ಮಿಗಿಲು. ಈ ಎಣಿಕೆ ೧೯೯೭ರಲ್ಲಿ ಆಸ್ಟ್ರೇಲಿಯದ ಬ್ರೆಂಡನ್ ಮೆಕೆ ಎಂಬ ವಿದ್ವಾಂಸರಿಂದ ನಿಷ್ಕೃಷ್ಟವಾಯಿತು. ಅದಕ್ಕೆ ಒಂದು ವರ್ಷ ಮೊದಲು ಜರ್ಮನಿಯ ಇಬ್ಬರು ವಿದ್ವಾಂಸರು ಗಣಕಯಂತ್ರದಿಂದಲೇ ಪಡೆದಿದ್ದ ಇನ್ನೊಂದು ಸಂಖ್ಯೆ ತಪ್ಪಾಗಿತ್ತೆಂಬುದು ಯಂತ್ರಭಕ್ತರು ನೆನಪಿಡತಕ್ಕ ಸಂಗತಿ. ಸಾಲುಗಳ ಜೊತೆಗೆ ಕರ್ಣಗಳ ಮೊತ್ತವೂ ೨೬೦ ಆಗುವಂಥ ತುರಗಗತಿ ೬೪ ಮನೆಗಳ ಮಣೆಯ ಮೇಲೆ ಸಾಧ್ಯವೇ ಇಲ್ಲವೆಂಬುದು ಸಿದ್ಧವಾದದ್ದು ೨೦೦೩ರಲ್ಲಿ, ಹಲವು ಯಂತ್ರಗಳು ಸುಮಾರು ಎರಡು ತಿಂಗಳು ದುಡಿದ ಮೇಲೆ. ಸಾಲುಗಳ ಮೊತ್ತವಷ್ಟೇ ಸಮನಾಗಿರುವ ತುರಗಗತಿಗಳಲ್ಲಿ ಪರಸ್ಪರ ಭಿನ್ನವಾದವು ೧೪೦ ಎಂಬುದೂ ಆಗಲೇ ತಿಳಿದುಬಂದಿತು.

ಸೋಮೇಶ್ವರನಿಗಾಗಲಿ ಮುಮ್ಮಡಿಯವರಿಗಾಗಲಿ ಗಣಕಯಂತ್ರದ ಮುನ್ನರಿವು ಇತ್ತೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಅಂಥ ಮಾತುಗಳು ಇತಿಹಾಸಕ್ಕೂ ಅಭಿಮಾನಕ್ಕೂ ಕೀರ್ತಿ ತರುವುದಿಲ್ಲ. ಇಲ್ಲಿ ಗಮನಾರ್ಹವಾದುದು ಇಷ್ಟೆ: ಮಣೆಯ ಮೇಲಿನ ಒಂದು ಸಂಗತಿಯನ್ನು ಚಿಕ್ಕದೊಂದು ಸಂಕೇತವನ್ನಾಗಿ ಮಾಡಿಕೊಂಡರೆ ಮಾತ್ರ ಅದನ್ನು ನೆನಪಿನಲ್ಲಿಡಲು ಸಾಧ್ಯ. ಸಂಕೇತವಿಲ್ಲದ ಸ್ಮೃತಿ ಎಷ್ಟು ವಿಶಾಲವಾಗಿದ್ದರೂ ನಿರುಪಯುಕ್ತ. ಚದುರಂಗದ ಯಂತ್ರಗಳ ಚರಿತ್ರೆಯಲ್ಲಿ ಈ ಅರಿವು ಮೂಡಿದ್ದು ಸಾಕಷ್ಟು ತಡವಾಗಿ.

ಅಮೆರಿಕದ ಕ್ಲಾಡ್ ಶ್ಯಾನನ್ ೧೯೫೦ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಶಾಸ್ತ್ರ ಆರಂಭವಾಯಿತೆನ್ನಬಹುದು. ಸಾಧ್ಯವಿರುವ ಆಟಗಳ ಸಂಖ್ಯೆ ೧ರ ಮುಂದೆ ೧೨೦ ಸೊನ್ನೆಗಳನ್ನಿಟ್ಟಷ್ಟು ಎಂದು ಆತ ಅಂದಾಜು ಮಾಡಿದನು. ಎಲ್ಲ ಸ್ಥಿತಿಗಳಿಗೂ ಉತ್ತರವನ್ನು ಬರೆದಿಟ್ಟುಕೊಂಡು ಆಡುವ ಯಂತ್ರವನ್ನು ಕಟ್ಟಲಾಗದೆಂಬುದನ್ನೂ ಆತನೇ ಹೇಳಿದ್ದನು. ಎಂದರೆ, ‘ಯಂತ್ರಕ್ಕೆ ಎಲ್ಲವೂ ನೆನಪಿರುತ್ತದೆ’ ಎಂಬ ನಮ್ಮ ವಿದ್ಯಾರ್ಥಿಗಳ ಮಾತಿಗೆ ಈ ಶಾಸ್ತ್ರದ ಮೊದಲ ಲೇಖನದಲ್ಲಿಯೇ ಉತ್ತರವಿದೆ.

ಮೊದಲ ಯಂತ್ರಗಳಲ್ಲಿ ಸ್ಮೃತಿಯ ಪ್ರಶ್ನೆ ಬಲದ ಪ್ರಶ್ನೆಯಾಗಿರಲಿಲ್ಲ. ಆಟವೇ ಅದರೊಳಗೆ ಹಿಡಿಸುತ್ತದೆಯೇ ಎಂಬ ಪ್ರಶ್ನೆಯಾಗಿತ್ತು. ೧೯೫೬ರಲ್ಲಿ ಲಾಸ್ ಅಲಮೋಸಿನ ವಿಜ್ಞಾನಿಗಳು ಮ್ಯಾನಿಯಾಕ್ ಎಂಬ ಯಂತ್ರಕ್ಕೆ ಚದುರಂಗ ಕಲಿಸಿದಾಗ ೬೪ ಮನೆಗಳ ಮಣೆಯನ್ನು ಕೈಬಿಟ್ಟು ೩೬ ಮನೆಗಳ ಮಣೆಯನ್ನಿಟ್ಟುಕೊಂಡರು. ಒಂಟೆಗಳನ್ನು ಮಣೆಯಿಂದಲೇ ತೆಗೆದುಹಾಕಿದರು. ಯಂತ್ರದ ಸ್ಮೃತಿ ೧,೦೨೪ ಪದಗಳಷ್ಟು. ವೇಗ ಸೆಕೆಂಡಿಗೆ ಸುಮಾರು ೧೧,೦೦೦ ಕ್ರಿಯೆಗಳು. ಈ ಕುಗ್ಗಿದ ಆಟದಲ್ಲಿಯೂ ಒಂದು ನಡೆಗೆ ಹತ್ತು ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಮಂತ್ರಿಯನ್ನು ಬಿಟ್ಟುಕೊಟ್ಟು ಆಡಿದ ಒಬ್ಬ ಬಲಶಾಲಿ ಆಟಗಾರನಿಗೆ ಅದು ಸೋತಿತು. ಒಂದು ವಾರದ ಹಿಂದೆ ಆಟ ಕಲಿತ ಹೊಸಬರನ್ನು ಸೋಲಿಸಿತು. ಇಪ್ಪತ್ತು ವರ್ಷಗಳ ಮೇಲೆ, ೧೯೭೬ರಲ್ಲಿ, ಪೀಟರ್ ಜೆನ್ನಿಂಗ್ಸ್ ಎಂಬಾತ ಸುಮಾರು ಒಂದು ಕಿಲೋಬೈಟ್ ಸ್ಮೃತಿಯ ಕಿಮ್-೧ ಎಂಬ ಪುಟ್ಟ ಯಂತ್ರದಲ್ಲಿ ಮೈಕ್ರೋಚೆಸ್ ಎಂಬ ಕ್ರಮಣಿಕೆಯನ್ನು ಅಳವಡಿಸಿದನು. ೧೯೮೩ರಲ್ಲಿ ಇಂಗ್ಲೆಂಡಿನ ಡೇವಿಡ್ ಹಾರ್ನ್ ೬೭೨ ಬೈಟುಗಳಲ್ಲಿ ಪೂರ್ತಿ ಮಣೆಯ ಆಟವನ್ನು ಅಡಗಿಸಿದನು. ಕೋಟೆ ಕಟ್ಟುವುದು, ಕಾಲಾಳು ಮಂತ್ರಿಯಾಗುವುದು ಮುಂತಾದ ಕೆಲವು ನಿಯಮಗಳು ಮಾತ್ರ ಅದರಲ್ಲಿರಲಿಲ್ಲ. ಈ ಲೇಖನದ ಇಂದಿನ ಪುಟವೊಂದು ಯಂತ್ರದಲ್ಲಿ ಆಕ್ರಮಿಸುವ ಜಾಗ ಅದಕ್ಕಿಂತ ಎಷ್ಟೋ ಹೆಚ್ಚು. ಇವು ಬಲಹೀನವಾಗಿದ್ದುವು, ನಿಜ. ಆದರೂ ಆಟವನ್ನು ಆಡುವುದಕ್ಕೆ ಬೇಕಾದ ಸ್ಮೃತಿ ಅತ್ಯಲ್ಪವೆಂಬುದು ಇವುಗಳಿಂದ ಸ್ಪಷ್ಟವಾಯಿತು.

ಸ್ಮೃತಿಯು ಬಲಕ್ಕೆ ಕಾರಣವಾಗತೊಡಗಿದ್ದು ೧೯೬೭ರಿಂದ ಈಚೆಗೆ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಿಚರ್ಡ್ ಗ್ರೀನ್‌ಬ್ಲಾಟ್ ರಚಿಸಿದ ಮ್ಯಾಕ್‌ಹ್ಯಾಕ್ ಎಂಬ ಕ್ರಮಣಿಕೆ ಆ ವರ್ಷ ಮನುಷ್ಯರ ಪಂದ್ಯಾವಳಿಗಳಲ್ಲಿ ಭಾಗವಹಿಸಿತು. ಒಮ್ಮೆ ಪರೀಕ್ಷಿಸಿದ ಸ್ಥಿತಿಯನ್ನು ಕೋಷ್ಟಕವೊಂದರಲ್ಲಿ ಬರೆದಿಟ್ಟುಕೊಂಡು, ಅದೇ ಸ್ಥಿತಿ ಬೇರೊಂದು ದಾರಿಯಿಂದ ಮತ್ತೆ ಬಂದಾಗ ಆ ಬರಹವನ್ನೇ ಉಪಯೋಗಿಸುವ ಉಪಾಯ ಅದರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಇದರ ಮರ್ಮ ಸುಲಭ. ಬಿಳಿಯ ಆಟಗಾರ ಮೊದಲು ಕಾಲಾಳನ್ನು ನಡೆಯಿಸಿ ಆಮೇಲೆ ಕುದುರೆಯನ್ನು ಹೊರಡಿಸಬಹುದು, ಅಥವಾ ಮೊದಲು ಕುದುರೆಯನ್ನು ಹೊರಡಿಸಿ ಆಮೇಲೆ ಕಾಲಾಳನ್ನು ನಡೆಯಿಸಬಹುದು. ಎದುರಾಳಿಯ ಉತ್ತರ ಒಂದೇ ಆಗಿದ್ದರೆ ಎರಡು ದಾರಿಗಳೂ ಒಂದೇ ಸ್ಥಿತಿಯನ್ನು ಮುಟ್ಟುತ್ತವೆ. ನೆನಪಿಲ್ಲದ ಯಂತ್ರ ಆ ಸ್ಥಿತಿಯನ್ನೂ ಅದರಿಂದ ಕವಲೊಡೆಯುವ ಸಕಲ ಸ್ಥಿತಿಗಳನ್ನೂ ಎರಡು ಸಲ ಶೋಧಿಸುತ್ತದೆ. ದಾರಿಗಳು ಹೆಚ್ಚಿದಷ್ಟೂ ಈ ವ್ಯರ್ಥಶ್ರಮ ಬೆಳೆಯುತ್ತ ಹೋಗುತ್ತದೆ.

ಸ್ಥಿತಿಯನ್ನು ಕೋಷ್ಟಕದಲ್ಲಿ ಹುಡುಕುವುದಾದರೂ ಹೇಗೆ? ಇಲ್ಲಿ ಮತ್ತೆ ಸಂಕೇತದ ಅಗತ್ಯ ಬರುತ್ತದೆ. ೧೯೭೦ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಜೋಬ್ರಿಸ್ಟ್ ಸೂಚಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಚನ್ನಪಟ್ಟಣದ ಕಾಯಿಗಳ ಒಂದು ಪೆಟ್ಟಿಗೆಯನ್ನು ತೆರೆದು ನೋಡಿದರೆ ಒಟ್ಟು ೩೨ ಕಾಯಿಗಳಿದ್ದರೂ ಆಕಾರಗಳು ಆರೇ, ಬಣ್ಣಗಳು ಎರಡೇ. ಆದ್ದರಿಂದ ಬಗೆಗಳು ೧೨. ಪ್ರತಿಯೊಂದು ಬಗೆಯೂ ೬೪ ಮನೆಗಳಲ್ಲಿ ಯಾವುದರಲ್ಲಿಯಾದರೂ ಇರಬಹುದಾದ್ದರಿಂದ ೧೨ ಮತ್ತು ೬೪ರ ಗುಣಲಬ್ಧವಾದ ೭೬೮ ಸಾಧ್ಯತೆಗಳಾಗುತ್ತವೆ. ಈ ಒಂದೊಂದಕ್ಕೂ ದೊಡ್ಡದೊಂದು ಯಾದೃಚ್ಛಿಕ ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿ, ಮಣೆಯ ಮೇಲಿರುವ ಕಾಯಿಗಳ ಸಂಖ್ಯೆಗಳನ್ನು ಒಂದು ವಿಶೇಷ ಕ್ರಿಯೆಯಿಂದ ಕೂಡಿಸಿದರೆ ಆ ಸ್ಥಿತಿಯ ಮುದ್ರೆ ದೊರೆಯುತ್ತದೆ. ಆಡುವ ಸರದಿ ಯಾರದು, ಕೋಟೆ ಕಟ್ಟುವ ಹಕ್ಕು ಉಳಿದಿದೆಯೇ ಮುಂತಾದವಕ್ಕೆ ಇನ್ನು ಕೆಲವು ಸಂಖ್ಯೆಗಳು ಸೇರುತ್ತವೆ. ಆ ಕ್ರಿಯೆಯ ಸೊಗಸೆಂದರೆ, ಸಂಖ್ಯೆಯನ್ನು ಸೇರಿಸುವುದಕ್ಕೂ ತೆಗೆಯುವುದಕ್ಕೂ ಅದೊಂದೇ ಸಾಕು. ಕುದುರೆ ಒಂದು ಮನೆಯಿಂದ ಇನ್ನೊಂದಕ್ಕೆ ಹಾರಿದಾಗ ಯಂತ್ರವು ಮಣೆಯನ್ನೆಲ್ಲ ಮತ್ತೆ ಓದಬೇಕಾಗಿಲ್ಲ; ಹಳೆಯ ಮನೆಯ ಸಂಖ್ಯೆಯನ್ನು ಕಳಚಿ ಹೊಸ ಮನೆಯ ಸಂಖ್ಯೆಯನ್ನು ತೊಡಿಸಿದರೆ ಹೊಸ ಮುದ್ರೆ ಸಿದ್ಧ. ಮಾನಸೋಲ್ಲಾಸದ ಗುಣಿತಾಕ್ಷರ ಒಂದು ಮನೆಯ ಹೆಸರಾದರೆ ಇದು ಇಡೀ ಮಣೆಯ ಹೆಸರು.

ಈ ಕೋಷ್ಟಕದ ಮಹಿಮೆ ಅತ್ಯಂತ ಸ್ಫುಟವಾಗಿ ಕಾಣುವುದು ಒಂದು ಹಳೆಯ ಅಂತ್ಯಾಟದಲ್ಲಿ. ೧೯೦೧ರಲ್ಲಿ ಲಾಸ್ಕರ್ ಮತ್ತು ರೈಖ್‌ಹೆಲ್ಮ್ ವಿವೇಚಿಸಿದ ಈ ಸ್ಥಿತಿಯನ್ನು ರೂಬೆನ್ ಫೈನ್ ೧೯೪೧ರ ತನ್ನ ಗ್ರಂಥದಲ್ಲಿ ೭೦ನೆಯ ಉದಾಹರಣೆಯಾಗಿ ಕೊಟ್ಟಿದ್ದಾನೆ. ಬಿಳಿಯ ರಾಜ ಎ೧ ಮನೆಯಲ್ಲಿ, ಕಾಲಾಳುಗಳು ಎ೪, ಡಿ೪, ಡಿ೫, ಎಫ್೪ರಲ್ಲಿ. ಕರಿಯ ರಾಜ ಎ೭ರಲ್ಲಿ, ಕಾಲಾಳುಗಳು ಎ೫, ಡಿ೬, ಎಫ್೫ರಲ್ಲಿ. ಕಾಲಾಳುಗಳೆಲ್ಲ ಒಂದಕ್ಕೊಂದು ಅಡ್ಡವಾಗಿ ನಿಂತು ಅಲುಗಾಡುವಂತಿಲ್ಲ. ನಡೆಯಬಲ್ಲವು ಎರಡು ರಾಜರು ಮಾತ್ರ. ಬಿಳಿಯ ರಾಜ ಬಿ೧ಕ್ಕೆ ಸರಿಯುವುದೊಂದೇ ಗೆಲುವಿನ ದಾರಿ, ಆದರೆ ಅದರ ಫಲ ಬಹಳ ನಡೆಗಳ ಅನಂತರ ಕಾಣಿಸುತ್ತದೆ. ರಾಜನೊಬ್ಬನಿಗೆ ಸರಾಸರಿ ಐದು ನಡೆಗಳಿವೆಯೆಂದು ಹಿಡಿದರೆ, ಇಬ್ಬರದೂ ಸೇರಿ ೨೦ ನಡೆಗಳ ಆಳಕ್ಕೆ ದಾರಿಗಳ ಸಂಖ್ಯೆ ಸುಮಾರು ೯೫ ಲಕ್ಷ ಕೋಟಿಯಾಗುತ್ತದೆ. ಅನಾವಶ್ಯಕ ಕವಲುಗಳನ್ನು ಕಡಿದುಹಾಕುವ ಆಲ್ಫಾ-ಬೀಟಾ ಕ್ರಮ ಅತ್ಯುತ್ತಮವಾಗಿ ನಡೆದರೂ ಎರಡು ಕೋಟಿಯಷ್ಟು ಉಳಿಯುತ್ತವೆ. ಇನ್ನೂ ಹತ್ತು ನಡೆ ಆಳಕ್ಕೆ ಹೋದರೆ ಅದು ಮೂರು ಸಾವಿರ ಪಾಲು ಹೆಚ್ಚುತ್ತದೆ. ಸ್ಥಿತಿಗಳಾದರೋ? ಕಾಲಾಳುಗಳು ಕದಲದಿರುವವರೆಗೆ ಇಬ್ಬರು ರಾಜರ ಸ್ಥಾನ, ಯಾರ ಸರದಿ ಎಂಬುದು, ಇಷ್ಟೇ ವ್ಯತ್ಯಾಸ. ಎಷ್ಟು ಧಾರಾಳವಾಗಿ ಎಣಿಸಿದರೂ ೬೪, ೬೪, ೨ ಇವುಗಳ ಗುಣಲಬ್ಧವಾದ ೮,೧೯೨ನ್ನು ಮೀರುವುದಿಲ್ಲ. ದಾರಿಗಳು ಅಪಾರ, ತಲುಪುವ ಊರುಗಳು ಕೆಲವೇ. ಕೋಷ್ಟಕವುಳ್ಳ ಯಂತ್ರ ಕ್ಷಣಾರ್ಧದಲ್ಲಿ ಗೆಲುವಿನ ನಡೆಯನ್ನು ಕಾಣುತ್ತದೆ. ಕೋಷ್ಟಕವಿಲ್ಲದ ಯಂತ್ರ ಎಷ್ಟು ವೇಗವಾಗಿದ್ದರೂ ತಡವರಿಸುತ್ತದೆ.

ಹಾಗಾದರೆ ಸ್ಮೃತಿ ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆಯೆಂದಾಯಿತಲ್ಲ ಎಂದು ವಾಚಕರು ಕೇಳಬಹುದು. ಆಟದ ಮಧ್ಯಭಾಗದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಕಾಯಿಗಳು ಬಹಳ, ಮರಳಿ ಬರುವ ಸ್ಥಿತಿಗಳು ಅಷ್ಟಿಲ್ಲ. ಕ್ರಮಣಿಕೆಗಳನ್ನು ರಚಿಸುವವರು ಬಹುಕಾಲದ ಪರೀಕ್ಷೆಗಳಿಂದ ಕಂಡುಕೊಂಡ ಸ್ಥೂಲ ಅಂದಾಜೆಂದರೆ, ಕೋಷ್ಟಕವನ್ನು ಇಮ್ಮಡಿಸಿದರೆ ಬಲವು ಐದರಿಂದ ಏಳು ಈಲೋ ಅಂಕಗಳಷ್ಟು ಏರುತ್ತದೆ. ಏಳು ಅಂಕಗಳ ಅಂತರವೆಂದರೆ ನೂರು ಆಟಗಳಲ್ಲಿ ಐವತ್ತರ ಬದಲು ಐವತ್ತೊಂದು ಅಂಶಗಳನ್ನು ಪಡೆಯುವುದು. ಯೋಚನೆಯ ಕಾಲವನ್ನು ಇಮ್ಮಡಿಸಿದರೆ ಬರುವ ಲಾಭ ಇದರ ಹಲವು ಪಾಲು.

ಇದಕ್ಕೂ ಒಂದು ಎಲ್ಲೆಯುಂಟು. ಇಂದು ವಿದ್ಯಾರ್ಥಿಗಳ ಕೈಯಲ್ಲಿರುವ ಸ್ಟಾಕ್‌ಫಿಶ್ ಎಂಬ ಕ್ರಮಣಿಕೆಯನ್ನು ತೆಗೆದುಕೊಳ್ಳೋಣ. ನಾವು ಬೇರೆ ಆದೇಶ ಕೊಡದಿದ್ದರೆ ಅದು ೧೬ ಮೆಗಾಬೈಟುಗಳ ಕೋಷ್ಟಕವನ್ನು ಬಳಸುತ್ತದೆ. ೩೨ ಬೈಟುಗಳ ಒಂದೊಂದು ಗೂಡಿನಲ್ಲಿ ಮೂರು ಸ್ಥಿತಿಗಳಂತೆ ಅದರಲ್ಲಿ ೧೫,೭೨,೮೬೪ ಸ್ಥಿತಿಗಳಿಗೆ ಸ್ಥಳವಿದೆ. ಸೆಕೆಂಡಿಗೆ ಹತ್ತು ಲಕ್ಷ ಸ್ಥಿತಿಗಳನ್ನು ನೋಡುವ ದೂರವಾಣಿಯಲ್ಲಿ ನಡೆಗೆ ಒಂದು ಸೆಕೆಂಡಿನಂತೆ ಆಡುವವನಿಗೆ ಈ ಕೋಷ್ಟಕ ಬಹುಮಟ್ಟಿಗೆ ಸಾಕು. ಅದನ್ನು ನೂರು ಪಾಲು ಹಿಗ್ಗಿಸಿದರೂ ತುಂಬುವುದಕ್ಕೆ ಸ್ಥಿತಿಗಳೇ ಇರುವುದಿಲ್ಲ. ಅದೇ ಯಂತ್ರವನ್ನು ಒಂದೇ ಸ್ಥಿತಿಯ ಮೇಲೆ ರಾತ್ರಿಯೆಲ್ಲ ಯೋಚಿಸಲು ಬಿಟ್ಟರೆ ಕೋಷ್ಟಕ ಮತ್ತೆ ಮತ್ತೆ ತುಂಬಿ, ಹೊಸದನ್ನು ಬರೆಯಲು ಹಳೆಯದನ್ನು ಅಳಿಸಬೇಕಾಗುತ್ತದೆ. ಯಾವುದನ್ನು ಅಳಿಸಬೇಕು, ಆಳವಾಗಿ ಶೋಧಿಸಿದ್ದನ್ನು ಉಳಿಸಬೇಕೇ, ಇತ್ತೀಚಿನದನ್ನು ಉಳಿಸಬೇಕೇ ಎಂಬ ನಿಯಮ ಕೋಷ್ಟಕದ ಗಾತ್ರದಷ್ಟೇ ಮುಖ್ಯವಾಗುವುದು ಆಗಲೇ. ಇನ್ನು ಆಸೆಬುರುಕತನದಿಂದ ಯಂತ್ರದಲ್ಲಿರುವ ಸ್ಮೃತಿಗಿಂತ ಹೆಚ್ಚಿನ ಕೋಷ್ಟಕವನ್ನು ಕೇಳಿದರೆ ಅದರ ಒಂದು ಭಾಗ ತಟ್ಟೆಗೆ ಹೋಗಿ ಬೀಳುತ್ತದೆ. ತಟ್ಟೆಯಿಂದ ಓದುವುದು ಬಹು ನಿಧಾನವಾದ್ದರಿಂದ ಆಟ ಕುಗ್ಗುತ್ತದೆ. ಸ್ಮೃತಿ ಹೆಚ್ಚಿಸಿದುದರಿಂದ ಬಲ ಕಡಮೆಯಾಗುವ ಸಂದರ್ಭ ಇದು.

ಆಟಕ್ಕೆ ಮೊದಲೇ ಸಿದ್ಧಮಾಡಿಟ್ಟ ಸ್ಮೃತಿಯ ಕಥೆ ಬೇರೆಯೇ. ಮಣೆಯ ಮೇಲೆ ಕೆಲವೇ ಕಾಯಿಗಳು ಉಳಿದಾಗ, ಮಾತಾದ ಸ್ಥಿತಿಗಳಿಂದ ಹಿಮ್ಮುಖವಾಗಿ ನಡೆದು, ಸಾಧ್ಯವಿರುವ ಪ್ರತಿಯೊಂದು ಸ್ಥಿತಿಯ ಫಲವನ್ನೂ ಬರೆದಿಡಬಹುದು. ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್ ೧೯೮೩ರಲ್ಲಿ ಎರಡು ಒಂಟೆಗಳಿಗೂ ಒಂದು ಕುದುರೆಗೂ ನಡೆಯುವ ಅಂತ್ಯಾಟವನ್ನು ಹೀಗೆ ಪೂರ್ತಿಯಾಗಿ ಲೆಕ್ಕಹಾಕಿದನು. ೧೮೫೧ರಲ್ಲಿ ಕ್ಲಿಂಗ್ ಮತ್ತು ಹಾರ್ವಿಟ್ಸ್ ಎಂಬ ಪಂಡಿತರು ಕುದುರೆಯ ಪಕ್ಷಕ್ಕೆ ಒಂದು ಭದ್ರಸ್ಥಾನವನ್ನು ತೋರಿಸಿದ್ದರು. ಅಂದಿನಿಂದ ಈ ಅಂತ್ಯಾಟ ಸಮವೆಂದೇ ಎಲ್ಲ ಗ್ರಂಥಗಳೂ ಬರೆಯುತ್ತಿದ್ದುವು. ಒಂಟೆಗಳ ಪಕ್ಷವೇ ಸಾಮಾನ್ಯವಾಗಿ ಗೆಲ್ಲುತ್ತದೆ, ಅದಕ್ಕೆ ೬೬ ನಡೆಗಳವರೆಗೆ ಬೇಕಾಗಬಹುದು ಎಂದು ಕೋಷ್ಟಕ ಹೇಳಿತು. ಕಾಯಿ ಬೀಳದೆ, ಕಾಲಾಳು ಕದಲದೆ ೫೦ ನಡೆಗಳಾದರೆ ಆಟ ಸಮ ಎಂಬ ನಿಯಮವಿದ್ದುದರಿಂದ, ಅಂತರರಾಷ್ಟ್ರೀಯ ಒಕ್ಕೂಟವು ಕೆಲವು ಅಂತ್ಯಾಟಗಳಿಗೆ ಆ ಮಿತಿಯನ್ನು ಕೆಲಕಾಲ ಹೆಚ್ಚಿಸಿ, ೧೯೯೨ರಲ್ಲಿ ಮತ್ತೆ ೫೦ಕ್ಕೇ ನಿಲ್ಲಿಸಿತು. ನೂರಮೂವತ್ತು ವರ್ಷಗಳ ಪಂಡಿತಾಭಿಪ್ರಾಯವನ್ನು ಒಂದು ಕೋಷ್ಟಕ ತಿದ್ದಿದ ಈ ಪ್ರಸಂಗ ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸತಕ್ಕದ್ದು. ಶಾಸನವೊಂದು ದೊರೆತು ವಂಶಾವಳಿಯೇ ಬದಲಾಗುವುದನ್ನು ನಾವು ಕಂಡಿದ್ದೇವೆ.

೧೯೯೧ರಲ್ಲಿ ಲೂಯಿಸ್ ಸ್ಟಿಲ್ಲರ್ ಆರು ಕಾಯಿಗಳ ಅಂತ್ಯಾಟಗಳಿಗೆ ಕೈಹಾಕಿ, ಆನೆ ಮತ್ತು ಒಂಟೆ ಎರಡು ಕುದುರೆಗಳನ್ನು ಗೆಲ್ಲಲು ೨೨೩ ನಡೆಗಳು ಬೇಕಾಗುವ ಸ್ಥಿತಿಯನ್ನು ಕಂಡನು. ೨೦೧೨ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದ ಲೊಮೊನೊಸೊವ್ ಯಂತ್ರದ ಮೇಲೆ ಏಳು ಕಾಯಿಗಳ ಕೋಷ್ಟಕ ಸಿದ್ಧವಾಯಿತು. ಅದರ ಗಾತ್ರ ೧೪೦ ಟೆರಾಬೈಟ್. ರೊನಾಲ್ಡ್ ಡಿ ಮ್ಯಾನ್ ರೂಪಿಸಿದ ಸಿಜಿಜಿ ಎಂಬ ಇನ್ನೊಂದು ಪದ್ಧತಿಯಲ್ಲಿ ಅದೇ ಏಳು ಕಾಯಿಗಳ ಕೋಷ್ಟಕ ೨೦೧೮ರಲ್ಲಿ ಸುಮಾರು ೧೮ ಟೆರಾಬೈಟುಗಳಲ್ಲಿ ಅಡಗಿತು. ಮೊದಲನೆಯದು ಮಾತಿಗೆ ಎಷ್ಟು ನಡೆ ಎಂಬುದನ್ನು ಬರೆಯುತ್ತದೆ. ಎರಡನೆಯದು ಗೆಲುವೋ ಸಮವೋ ಸೋಲೋ ಎಂಬುದನ್ನೂ ೫೦ ನಡೆಗಳ ನಿಯಮಕ್ಕೆ ಬೇಕಾದ ದೂರವನ್ನೂ ಮಾತ್ರ ಬರೆಯುತ್ತದೆ. ಏನನ್ನು ಬರೆಯಬೇಕಾಗಿಲ್ಲವೆಂಬ ವಿವೇಕದಿಂದ ಉಳಿದ ಜಾಗ ಅದು. ಇಷ್ಟಾದರೂ ಈ ಮಹಾಕೋಷ್ಟಕಗಳಿಂದ ಯಂತ್ರದ ಬಲಕ್ಕೆ ಆದ ಲಾಭ ಅಲ್ಪವೇ. ಆಟಗಳ ಭವಿಷ್ಯ ಏಳು ಕಾಯಿಗಳಿಗೆ ಇಳಿಯುವ ಮೊದಲೇ ಬಹುಪಾಲು ನಿರ್ಧಾರವಾಗಿರುತ್ತದೆ. ೧೯೯೭ರಲ್ಲಿ ಕಾಸ್ಪರೋವ್‌ನನ್ನು ಮೂರೂವರೆಗೆ ಎರಡೂವರೆಯಂತೆ ಸೋಲಿಸಿದ ಡೀಪ್ ಬ್ಲೂ ಯಂತ್ರದಲ್ಲಿಯೂ ಅಂತ್ಯಾಟದ ಕೋಷ್ಟಕಗಳಿದ್ದುವು, ಏಳು ಲಕ್ಷ ಹಳೆಯ ಆಟಗಳ ಸಂಗ್ರಹವಿತ್ತು. ಆದರೆ ಅದರ ಮುಖ್ಯ ಬಲ ಸೆಕೆಂಡಿಗೆ ಸುಮಾರು ಇಪ್ಪತ್ತು ಕೋಟಿ ಸ್ಥಿತಿಗಳನ್ನು ನೋಡುವ ವೇಗ. ಆ ವೇಗವನ್ನು ಕೊಟ್ಟ ವಿಶೇಷ ಚಿಪ್ಪುಗಳು ಸ್ಥಿತಿಗಳ ಕೋಷ್ಟಕವಿಲ್ಲದೆಯೇ ಶೋಧ ನಡೆಸಿದುವು.

ಸ್ಮೃತಿಯ ಪ್ರಮಾಣವೇ ವಿವಾದಕ್ಕೆ ಕಾರಣವಾದ ಪ್ರಸಂಗವೊಂದಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ೨೦೧೭ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಸಂಸ್ಥೆ ತನ್ನ ಆಲ್ಫಾಜೀರೋ ಸ್ಟಾಕ್‌ಫಿಶ್‌ನೊಡನೆ ಆಡಿದ ನೂರು ಆಟಗಳಲ್ಲಿ ೨೮ನ್ನು ಗೆದ್ದು ೭೨ನ್ನು ಸಮಮಾಡಿಕೊಂಡು, ಒಂದನ್ನೂ ಸೋಲಲಿಲ್ಲವೆಂದು ಪ್ರಕಟಿಸಿತು. ಸ್ಟಾಕ್‌ಫಿಶ್‌ಗೆ ೬೪ ಎಳೆಗಳ ಸಾಮರ್ಥ್ಯ ಕೊಟ್ಟಿದ್ದರೂ ಕೋಷ್ಟಕ ಮಾತ್ರ ೧ ಗಿಗಾಬೈಟ್. ನಡೆಗೆ ಒಂದು ನಿಮಿಷ. ಈ ಕೋಷ್ಟಕ ತೀರ ಕಿರಿದೆಂದು ಸ್ಟಾಕ್‌ಫಿಶ್‌ನ ಮೂಲಕರ್ತೃಗಳಲ್ಲೊಬ್ಬರಾದ ಟೋರ್ಡ್ ರೋಮ್‌ಸ್ಟಾಡ್ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ? ಲೆಕ್ಕಹಾಕಿ ನೋಡಬಹುದು. ಒಂದು ಗಿಗಾಬೈಟಿನಲ್ಲಿ ಸುಮಾರು ಹತ್ತು ಕೋಟಿ ಸ್ಥಿತಿಗಳಿಗೆ ಸ್ಥಳವಿದೆ. ಸೆಕೆಂಡಿಗೆ ಏಳು ಕೋಟಿ ಸ್ಥಿತಿಗಳಂತೆ ಒಂದು ನಿಮಿಷಕ್ಕೆ ಯಂತ್ರ ನೋಡಿದ್ದು ೪೨೦ ಕೋಟಿ. ಒಂದೂವರೆ ಸೆಕೆಂಡಿನಷ್ಟರಲ್ಲಿ ತುಂಬುವ ಕೋಷ್ಟಕವನ್ನು ಹಿಡಿದು ಒಂದು ನಿಮಿಷ ಯೋಚಿಸಬೇಕಾಗಿ ಬಂದಿತೆಂದರೆ ಆಕ್ಷೇಪದಲ್ಲಿ ಹುರುಳಿದೆಯೆಂದು ಒಪ್ಪಲೇಬೇಕು.

ಆದರೆ ಸೋಲಿಗೆಲ್ಲ ಇದೊಂದೇ ಕಾರಣವೆನ್ನುವಂತಿಲ್ಲ. ನೂರಕ್ಕೆ ೬೪ ಅಂಶಗಳೆಂದರೆ ಸುಮಾರು ೧೦೦ ಈಲೋ ಅಂಕಗಳ ಅಂತರ. ಕೋಷ್ಟಕವನ್ನು ೩೨ ಗಿಗಾಬೈಟಿಗೆ ಏರಿಸ��ವುದು ಐದು ಸಲ ಇಮ್ಮಡಿಸಿದಂತೆ. ಮೇಲೆ ಹೇಳಿದ ಅಂದಾಜಿನ ಪ್ರಕಾರ ಅದರಿಂದ ದೊರೆಯುವುದು ೨೫ರಿಂದ ೩೫ ಅಂಕಗಳು. ೨೦೧೮ರಲ್ಲಿ ಡೀಪ್‌ಮೈಂಡ್ ಮತ್ತೆ ಸಾವಿರ ಆಟಗಳನ್ನು ಆಡಿಸಿತು. ಈ ಬಾರಿ ಎದುರಾಳಿಗೆ ೪೪ ಸಂಸ್ಕಾರಕಗಳು, ೩೨ ಗಿಗಾಬೈಟ್ ಕೋಷ್ಟಕ, ಆಟಕ್ಕೆ ಮೂರು ಗಂಟೆ ಹಾಗೂ ನಡೆಗೆ ೧೫ ಸೆಕೆಂಡುಗಳ ಕಾಲ. ಆಲ್ಫಾಜೀರೋ ೧೫೫ ಗೆದ್ದು ೬ ಸೋತಿತು, ೮೩೯ ಸಮ. ಅಂತರ ೫೦ ಅಂಕಗಳ ಆಸುಪಾಸಿಗೆ ಇಳಿಯಿತು. ಇಳಿತವೆಲ್ಲ ಕೋಷ್ಟಕದ್ದೇ ಎನ್ನಲಾಗದು, ಕಾಲನಿಯಮವೂ ಯಂತ್ರವೂ ಬದಲಾಗಿದ್ದುವು. ಗೆದ್ದವರು ಮಾತ್ರ ಬದಲಾಗಲಿಲ್ಲ. ನಮ್ಮ ದೃಷ್ಟಿಯಲ್ಲಿ ಆಕ್ಷೇಪವೂ ಸರಿ, ಗೆಲುವೂ ನಿಜ. ಮೊದಲ ಪ್ರಕಟಣೆಯಲ್ಲಿಯೇ ಎದುರಾಳಿಗೆ ತಕ್ಕ ಸ್ಮೃತಿಯನ್ನು ಕೊಟ್ಟಿದ್ದರೆ ಒಂದು ವರ್ಷದ ವಾಗ್ವಾದ ಉಳಿಯುತ್ತಿತ್ತು.

ಆಲ್ಫಾಜೀರೋ ಸೆಕೆಂಡಿಗೆ ನೋಡುತ್ತಿದ್ದುದು ೮೦,೦೦೦ ಸ್ಥಿತಿಗಳನ್ನು ಮಾತ್ರ. ಅದರ ಬಲವಿದ್ದುದು ತನ್ನೊಡನೆ ತಾನೇ ಆಡಿ ಕಲಿತು ಕೂಡಿಟ್ಟ ಅಂಕೆಗಳ ಜಾಲದಲ್ಲಿ. ಇದೂ ಸ್ಮೃತಿಯೇ, ಆದರೆ ಯಾವ ಒಂದು ಆಟದ ಸ್ಮೃತಿಯೂ ಅಲ್ಲ. ಅನೇಕ ಆಟಗಳ ಸಂಸ್ಕಾರ ಎನ್ನುವುದು ಮೇಲು. ಜಪಾನಿನ ಯು ನಾಸು ೨೦೧೮ರಲ್ಲಿ ಶೋಗಿ ಆಟಕ್ಕಾಗಿ ರೂಪಿಸಿದ, ಸಾಮಾನ್ಯ ಯಂತ್ರಗಳಲ್ಲಿಯೂ ಬೇಗ ನಡೆಯುವಂಥ ಜಾಲವನ್ನು ೨೦೨೦ರಲ್ಲಿ ಸ್ಟಾಕ್‌ಫಿಶ್ ತನ್ನದಾಗಿಸಿಕೊಂಡಿತು. ಜಾಲದ ಗಾತ್ರ ಇಪ್ಪತ್ತು ಮೆಗಾಬೈಟಿನಷ್ಟು. ಹೊಸ ಆವೃತ್ತಿಯು ಹಳೆಯದರೆದುರು ಸೋಲುವ ಪ್ರತಿಯೊಂದು ಆಟಕ್ಕೆ ಹತ್ತಕ್ಕೂ ಹೆಚ್ಚು ಆಟಗಳನ್ನು ಗೆಲ್ಲುತ್ತದೆಂದು ಅದರ ಕರ್ತೃಗಳು ಅಂದು ಪ್ರಕಟಿಸಿದರು. ಹದಿನೆಂಟು ಟೆರಾಬೈಟುಗಳ ಕೋಷ್ಟಕ ಕೊಡಲಾರದ ಬಲವನ್ನು ಇಪ್ಪತ್ತು ಮೆಗಾಬೈಟ್ ಕೊಟ್ಟಿತು.

ಮನುಷ್ಯರ ಸ್ಮೃತಿಯ ವಿಷಯದಲ್ಲಿಯೂ ಇಂಥದೇ ಒಂದು ಸಂಶೋಧನೆಯುಂಟು. ಹಾಲೆಂಡಿನ ಡಿ ಗ್ರೂಟ್ ೧೯೪೬ರಲ್ಲಿಯೂ, ಅಮೆರಿಕದ ಚೇಸ್ ಮತ್ತು ಸೈಮನ್ ೧೯೭೩ರಲ್ಲಿಯೂ ಪ್ರಕಟಿಸಿದ ಪರೀಕ್ಷೆಗಳ ಪ್ರಕಾರ, ನಿಜವಾದ ಆಟದ ಸ್ಥಿತಿಯನ್ನು ಕೆಲವೇ ಸೆಕೆಂಡು ತೋರಿಸಿದರೆ ನಿಪುಣ ಆಟಗಾರರು ಅದನ್ನು ಹೆಚ್ಚುಕಡಮೆ ಪೂರ್ತಿಯಾಗಿ ಮತ್ತೆ ಜೋಡಿಸುತ್ತಾರೆ. ಕಾಯಿಗಳನ್ನು ಮನಬಂದಂತೆ ಎರಚಿಟ್ಟರೆ ಅವರ ನೆನಪು ಹೊಸಬರ ನೆನಪಿಗಿಂತ ಹೆಚ್ಚೇನೂ ಅಲ್ಲ.

ಈ ಸಂಗತಿಗಳನ್ನು ನಮ್ಮ ಕಾಲೇಜುಗಳಲ್ಲಿಯೇ ಪರೀಕ್ಷಿಸಿ ನೋಡುವುದು ಕಷ್ಟವಲ್ಲ. ಸ್ಟಾಕ್‌ಫಿಶ್ ಉಚಿತವಾಗಿ ದೊರೆಯುತ್ತದೆ, ಕೋಷ್ಟಕದ ಗಾತ್ರವನ್ನು ಬದಲಾಯಿಸಲು ಒಂದು ಆದೇಶ ಸಾಕು. ಗಣಕವಿಜ್ಞಾನದ ವಿದ್ಯಾರ್ಥಿಗಳು ಆಟದ ಮಧ್ಯಭಾಗದ ಕೆಲವು ಸ್ಥಿತಿಗಳನ್ನೂ ಮೇಲೆ ಹೇಳಿದ ಲಾಸ್ಕರ್–ರೈಖ್‌ಹೆಲ್ಮ್ ಸ್ಥಿತಿಯನ್ನೂ ತೆಗೆದುಕೊಂಡು, ೧ ಮೆಗಾಬೈಟಿನಿಂದ ಆರಂಭಿಸಿ ಪ್ರತಿ ಸಲವೂ ಕೋಷ್ಟಕವನ್ನು ಇಮ್ಮಡಿಸುತ್ತ, ನಿಗದಿಯಾದ ಆಳಕ್ಕೆ ತಲುಪಲು ಹಿಡಿದ ಕಾಲವನ್ನು ಬರೆದುಕೊಳ್ಳಬಹುದು. ಕೋಷ್ಟಕ ಯಾವ ಗಾತ್ರವನ್ನು ಮುಟ್ಟಿದ ಮೇಲೆ ಲಾಭ ನಿಂತುಹೋಯಿತೆಂಬುದನ್ನು, ಯಂತ್ರ ನೋಡಿದ ಸ್ಥಿತಿಗಳ ಸಂಖ್ಯೆಯೊಡನೆ ಹೋಲಿಸಬೇಕು. ಲಾಸ್ಕರ್–ರೈಖ್‌ಹೆಲ್ಮ್ ಸ್ಥಿತಿಯಲ್ಲಿ ಇಬ್ಬರು ರಾಜರೂ ಏಳು ಕಾಲಾಳುಗಳೂ ಸೇರಿ ಒಂಬತ್ತು ಕಾಯಿಗಳಿವೆ. ಸಿದ್ಧಕೋಷ್ಟಕಗಳು ಏಳಕ್ಕೇ ನಿಂತಿರುವುದರಿಂದ ಅವುಗಳಿಂದ ಇದಕ್ಕೆ ನೇರವಾದ ಉತ್ತರ ದೊರೆಯದು, ಯಂತ್ರ ತಾನೇ ಹುಡುಕಬೇಕು.